ನೌಕಾಪಡೆ ನೆನಪಿನ ಪುಸ್ತಕಗಳನ್ನು ಉಳಿಸಿ

ಮಾನ್ಯರೇ,

1971ರ ಯುದ್ಧಕಾಲದಲ್ಲಿ ನಾವಿಕರ ಮನೆಯವರು ಪತ್ರಿಕಾ ತುಣುಕು, ಫೋಟೊ, ಪತ್ರಗಳನ್ನು ಅಂಟಿಸಿಟ್ಟ ಪುಸ್ತಕಗಳು ಕರಾವಳಿಯ ತೇವಕ್ಕೆ ಹಾಳಾಗುತ್ತಿವೆ. ಡಿಸೆಂಬರ್ 4ರಂದು ನಮ್ಮ ನೌಕಾಪಡೆ ಕರಾಚಿ ಮೇಲೆ ನಡೆಸಿದ ದಾಳಿಯ ವಿವರ ಸರ್ಕಾರಿ ದಾಖಲೆಗಳಲ್ಲಿದೆ. ಆದರೆ ಡಿ. 9ರಂದು ದಿಯು ಬಳಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ 18 ಅಧಿಕಾರಿಗಳು, 176 ನಾವಿಕರೊಂದಿಗೆ ಮುಳುಗಿದಾಗ ಮನೆಗಳಲ್ಲಿ ಯಾವ ಸುದ್ದಿಯನ್ನು ಕತ್ತರಿಸಿಟ್ಟರು ಎಂಬುದು ಇಂಥ ಪುಸ್ತಕಗಳಲ್ಲಷ್ಟೇ ಸಿಗುತ್ತದೆ.

ಹಾನಿಯಾಗುವುದು ಹೆಚ್ಚಾಗಿ ಕಾಳಜಿಯಿಂದಲೇ! ಸೆಲ್ಲೊಟೇಪ್‌ನ ಅಂಟು ಕಾಗದಕ್ಕಿಳಿದು ಕಂದು ಕಲೆಯಾಗುತ್ತದೆ, ಗುಂಡುಪಿನ್ನು ತುಕ್ಕು ಹಿಡಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸಲಾಗದು. ಪತ್ರಿಕೆಯ ಕಾಗದದಲ್ಲಿನ ಆಮ್ಲ ಎದುರು ಪುಟದ ಫೋಟೊವನ್ನೂ ಕೆಡಿಸುವುದರಿಂದ ನಡುವೆ ಆಮ್ಲರಹಿತ ಹಾಳೆ ಇಡಬೇಕು. ಏನನ್ನೂ ಕೀಳುವ ಮೊದಲು ಪ್ರತಿ ಪುಟವನ್ನು ಇದ್ದಂತೆಯೇ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆ) ಸ್ಕ್ಯಾನ್ ಮಾಡಬೇಕು. ಅಂಟಿಸಿದ ಕ್ರಮವೂ ಒಂದು ದಾಖಲೆ. ಫೋಟೊದಲ್ಲಿರುವವರ ಹೆಸರನ್ನು ಹಿಂಬದಿಯಲ್ಲಿ ಮೆದು ಪೆನ್ಸಿಲ್‌ನಿಂದ ಬರೆಯಬೇಕು, ಬಾಲ್‌ಪೆನ್ನಿನಿಂದಲ್ಲ. ಲಕೋಟೆಗಳನ್ನು ಎಸೆಯಬಾರದು: ಪತ್ರದಲ್ಲಿ ದಿನಾಂಕ ಇರದಿದ್ದರೂ ಲಕೋಟೆಯ ಅಂಚೆ ಮುದ್ರೆಯಲ್ಲಿ ಸಿಗಬಹುದು.

ಕಾರವಾರದ ಕಡಲತೀರದಲ್ಲಿರುವ ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯದಲ್ಲಿ ಪ್ರತಿವರ್ಷ ಡಿ. 4ರ ನೌಕಾಪಡೆ ದಿನದ ವಾರ ಉಚಿತ ಸ್ಕ್ಯಾನಿಂಗ್ ಶಿಬಿರ ನಡೆಸಲು ಜಿಲ್ಲಾಡಳಿತ ಮುಂದಾಗಲಿ. ಮೂಲ ಪುಸ್ತಕ ಮನೆಯವರಲ್ಲೇ ಉಳಿಯಲಿ, ಡಿಜಿಟಲ್ ಪ್ರತಿಯೊಂದು ರಾಜ್ಯ ಪತ್ರಾಗಾರಕ್ಕೆ ಸೇರಲಿ.

– ಓದುಗರೊಬ್ಬರು, ಕಾರವಾರ