ತಲೆ ಎಣಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಹಗರಣ ತಡೆಯಲು ಕಂಪನಿಗಳ ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರ, ಅಂದರೆ ಕಂಪನಿಯ ಜೊತೆ ಬೇರೆ ನಂಟಿಲ್ಲದ ಹೊರಗಿನ ಸದಸ್ಯರ, ಸಂಖ್ಯೆ ಹೆಚ್ಚಿಸಬೇಕು ಎಂಬ ನಿಮ್ಮ ಸಂಪಾದಕೀಯ ಓದಿದೆ. 26 ವರ್ಷ ವರ್ತನಾ ಅರ್ಥಶಾಸ್ತ್ರ (ಹಣದ ವಿಷಯದಲ್ಲಿ ಜನ ನಿಜಕ್ಕೂ ಹೇಗೆ ನಿರ್ಧರಿಸುತ್ತಾರೆ ಎಂಬುದು), ಕಾರ್ಪೊರೇಟ್ ಆಡಳಿತ (ಕಂಪನಿಗಳ ಮೇಲೆ ನಿಗಾ ಇಡುವ ರೀತಿನೀತಿ) ಎರಡನ್ನೂ ಪಾಠ ಮಾಡಿದ ಮೇಷ್ಟ್ರು ನಾನು. ನನ್ನದೊಂದು ತಕರಾರಿದೆ.

ಎರಡು ದೋಣಿಯಲ್ಲಿ ಕಾಲಿಟ್ಟ ವೃತ್ತಿ ನನ್ನದು. ಅರ್ಥಶಾಸ್ತ್ರದವರು ‘ಇದು ಮನಃಶಾಸ್ತ್ರ ಅಲ್ವಾ?’ ಎನ್ನುತ್ತಿದ್ದರು. ವಾಣಿಜ್ಯ ವಿಭಾಗದವರು ‘ಇದರಲ್ಲಿ ಕಾನೂನೆಲ್ಲಿದೆ?’ ಎನ್ನುತ್ತಿದ್ದರು. 2002ರಲ್ಲಿ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೆ ಮೊದಲನೆಯ ಪ್ರಶ್ನೆ ನಿಂತಿತು. ಎರಡನೆಯದು ನಾನು ನಿವೃತ್ತನಾಗುವವರೆಗೂ ನಿಲ್ಲಲಿಲ್ಲ.

2001ರ ಡಿಸೆಂಬರಿನಲ್ಲಿ ಲೆಕ್ಕಪತ್ರ ಹಗರಣದಲ್ಲಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್ ನೋಡಿ. ಅದರ ಮಂಡಳಿಯಲ್ಲಿ ಹೊರಗಿನವರೇ ಜಾಸ್ತಿ. ಆಡಿಟ್ ಸಮಿತಿಯ ಅಧ್ಯಕ್ಷರು ಅಕೌಂಟಿಂಗ್ ಪ್ರೊಫೆಸರ್, ಸ್ಟ್ಯಾನ್‌ಫರ್ಡ್ ಬಿಸಿನೆಸ್ ಸ್ಕೂಲಿನ ಡೀನ್ ಆಗಿದ್ದವರು. ಆದರೂ 1999ರಲ್ಲಿ, ಕಂಪನಿಯ ಹಣಕಾಸು ಮುಖ್ಯಸ್ಥ ತಾನೇ ಒಂದು ಸಂಸ್ಥೆ ಕಟ್ಟಿ ಕಂಪನಿಯ ಜೊತೆಗೇ ವ್ಯವಹಾರ ಮಾಡಲಿ ಎಂದು ಮಂಡಳಿ ತನ್ನ ನೀತಿಸಂಹಿತೆ ಬದಿಗಿಟ್ಟು ಒಪ್ಪಿಗೆ ಕೊಟ್ಟಿತು. ಲೆಕ್ಕ ಬಾರದವರೇನಲ್ಲ ಅವರು.

ಮತ್ತೆ ಯಾಕೆ ಒಪ್ಪಿದರು? ಒಂದು ಸುಳಿವು ಇಲ್ಲಿದೆ. 1950ರ ದಶಕದಲ್ಲಿ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಜೊತೆಗಿದ್ದವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸರಿ ಉತ್ತರ ಕಣ್ಣೆದುರೇ ಇದ್ದರೂ ಜನ ಮೂರರಲ್ಲಿ ಒಂದು ಸಲ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿಬಿಟ್ಟರೆ ಆ ತಪ್ಪುಗಳು ಕಾಲು ಭಾಗಕ್ಕೆ ಇಳಿಯುತ್ತಿದ್ದವು.

ಪಾಠ ಹೇಳುವುದು ಸುಲಭ. ನಾನೂ ಒಂದು ಕಂಪನಿಯ ಸ್ವತಂತ್ರ ನಿರ್ದೇಶಕನಾಗಿದ್ದೆ. ಮೊದಲ ಸಭೆಯ ಹಿಂದಿನ ರಾತ್ರಿ ದಪ್ಪ ಕಡತ ಕೈಸೇರಿತು. ಕುಂಟುತ್ತಿದ್ದ ಯೋಜನೆಯೊಂದಕ್ಕೆ ಮತ್ತೆ ದುಡ್ಡು ಹಾಕುವುದು ಅಜೆಂಡಾದ ಏಳನೇ ವಿಷಯ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ‘ಇಷ್ಟು ಹಾಕಿದ್ದೀವಿ, ಈಗ ಬಿಟ್ಟರೆ ಹೇಗೆ?’ ಎಂದರು ಅಧ್ಯಕ್ಷರು. ಹೋದ ದುಡ್ಡಿನ ಮೋಹಕ್ಕೆ ಇನ್ನಷ್ಟು ಸುರಿಯುವ ಈ ಚಾಳಿಯ ಬಗ್ಗೆ ಅದೇ ವಾರ ಕ್ಲಾಸಿನಲ್ಲಿ ಒಂದು ಗಂಟೆ ಕೊರೆದಿದ್ದೆ! ಆದರೆ ನನಗಿಂತ ಮೊದಲು ಐದು ಜನ ‘ಸರಿ’ ಎಂದರು. ನಾನೂ ಕೈ ಎತ್ತಿದೆ. ಯಾರೂ ಹೆದರಿಸಿರಲಿಲ್ಲ. ಎಲ್ಲರೂ ಊಟಕ್ಕೆ ಏಳುವ ಹೊತ್ತಲ್ಲಿ ಸುಮ್ನೆ ನಾನ್ಯಾಕೆ ತಡೆಯಲಿ ಅನ್ನಿಸಿತು, ಅಷ್ಟೇ.

ಅದಕ್ಕೇ ಹೇಳುತ್ತಿದ್ದೇನೆ. ನನ್ನಂಥವರು ಇನ್ನೂ ನಾಲ್ಕು ಜನ ಸೇರಿದ್ದರೆ ಅಲ್ಲಿ ಇನ್ನೂ ನಾಲ್ಕು ಕೈ ಏಳುತ್ತಿದ್ದವು. ನಿಯಮ ಮಾಡುವವರು ಯಾರು ಮೊದಲು ಮಾತಾಡುತ್ತಾರೆ, ಕಡತ ಎಷ್ಟು ದಿನ ಮುಂಚೆ ಬರುತ್ತದೆ, ಆಕ್ಷೇಪ ನಡಾವಳಿಯಲ್ಲಿ ದಾಖಲಾಗುತ್ತದೆಯೇ ಎಂದು ಮೊದಲು ನೋಡಲಿ.

ಆಮೇಲೆ ನಾನೊಂದು ಬೇಡಿಕೆ ಇಟ್ಟೆ. ಚರ್ಚೆಗೆ ಮೊದಲೇ ಎಲ್ಲರೂ ಆಕ್ಷೇಪವನ್ನು ಚೀಟಿಯಲ್ಲಿ ಬರೆದುಕೊಡಲಿ, ಅಧ್ಯಕ್ಷರು ಕೊನೆಗೆ ಮಾತಾಡಲಿ ಎಂದು. ಕೊನೆಗೆ ಮಾತಾಡಲು ಅಧ್ಯಕ್ಷರು ಒಪ್ಪಲಿಲ್ಲ. ಚೀಟಿಗೆ ಒಪ್ಪಿದರು. ಮೊದಲ ಸಲ ಬಿಚ್ಚಿದಾಗ, ನಾನು ಬರೆದಿದ್ದ ಅನುಮಾನವೇ ಇನ್ನೆರಡು ಚೀಟಿಗಳಲ್ಲಿತ್ತು.

ಇತಿ,
ಒಬ್ಬ ನಿವೃತ್ತ ಪ್ರಾಧ್ಯಾಪಕ