ಗೋಡೆ ಮುಟ್ಟದೆ ವೇದಿಕೆ ಕಟ್ಟೋದು

ಲಂಡನ್

ಚಿ. ತಮ್ಮನಿಗೆ ಆಶೀರ್ವಾದಗಳು. ಅಪ್ಪ, ಅಮ್ಮನಿಗೆ ನಮಸ್ಕಾರ ತಿಳಿಸು.

ಬಸವನಗುಡಿಯ ಹಳೇ ಬಂಗಲೆಯಲ್ಲಿ ಯಾವುದೋ ಕಂಪನಿಯ ಪ್ರಶಸ್ತಿ ಸಮಾರಂಭಕ್ಕೆ ಮೈಕು, ಲೈಟು ಒಪ್ಪಿಕೊಂಡಿದ್ದೀಯಂತೆ. ನಮ್ಮ ಕಂಪನಿಯದು ಈ ಸಲ ಥೇಮ್ಸ್ ದಡದ ಓಲ್ಡ್ ಬಿಲಿಂಗ್ಸ್‌ಗೇಟ್‌ನಲ್ಲಿ ಆಯಿತು. ಸೌಂಡ್ ಕೆಲಸ ನಮ್ಮ ತಂಡದ್ದೇ. 1870ರ ದಶಕದಲ್ಲಿ ಹೊರೇಸ್ ಜೋನ್ಸ್ ವಿನ್ಯಾಸ ಮಾಡಿದ ಮೀನು ಮಾರುಕಟ್ಟೆ ಅದು. 1982ರಲ್ಲಿ ವ್ಯಾಪಾರ ಬೇರೆ ಕಡೆ ಹೋದ ಮೇಲೆ ರಿಚರ್ಡ್ ರೋಜರ್ಸ್ ಅದನ್ನು ನವೀಕರಿಸಿದರು. ಮೀನಿನ ವಾಸನೆ ಈಗಿಲ್ಲ, ಅಮ್ಮನಿಗೆ ಹೇಳು.

ಇಂಥ ಕಟ್ಟಡದಲ್ಲಿ ಮೊಳೆ ಹೊಡೆಯುವ ಹಾಗಿಲ್ಲ, ಕಂಬಕ್ಕೆ ಹಗ್ಗ ಬಿಗಿಯುವ ಹಾಗಿಲ್ಲ. ಲೈಟಿನ ಕಂಬಿಯೆಲ್ಲ ನೆಲದ ಮೇಲೆ ತಾನೇ ನಿಲ್ಲಬೇಕು, ಬುಡಕ್ಕೆ ಭಾರ ಇಡಬೇಕು. ನಿನ್ನ ಬಂಗಲೆಯದು ಮದ್ರಾಸ್ ತಾರಸಿ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಸೂರಾಗಿದ್ದರೆ ಆ ತೊಲೆಗೆ ಏನನ್ನೂ ತೂಗುಹಾಕಬೇಡ. ಸುಣ್ಣದ ಗಾರೆಗೆ ಟೇಪು ಅಂಟಿಸಿದರೆ ಕೀಳುವಾಗ ಪದರವೇ ಕಿತ್ತು ಬರುತ್ತೆ, ರಿಪೇರಿ ಖರ್ಚು ನಿನ್ನ ತಲೆಗೆ. ರೆಡ್ ಆಕ್ಸೈಡ್ ನೆಲವಾದರೆ ಸ್ಟ್ಯಾಂಡ್ ಕೆಳಗೆ ಪ್ಲೈವುಡ್ ಹಾಕು.

ನಿಜವಾದ ತಲೆನೋವು ಪ್ರತಿಧ್ವನಿ. ಮಾತು ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸಿದಷ್ಟೂ ಸೂರು, ಗೋಡೆಗೆ ಬಡಿದು ಇನ್ನಷ್ಟು ಕಲಸಿಹೋಗುತ್ತೆ. ಮುಂದೆ ಎರಡು ದೊಡ್ಡ ಬಾಕ್ಸ್ ನಿಲ್ಲಿಸುವ ನಮ್ಮೂರಿನ ಚಟ ಇಂಥ ಕಟ್ಟಡದಲ್ಲಿ ನಡೆಯಲ್ಲ. ಸಣ್ಣ ಸ್ಪೀಕರ್‌ಗಳನ್ನು ಜನರ ಹತ್ತಿರ ಹಂಚಿಡು, ಮೂತಿ ಸೂರಿನ ಕಡೆಗಲ್ಲ, ಕೂತವರ ಕಡೆಗೆ. ಹಿಂದಿನವಕ್ಕೆ ಡಿಲೇ ಕೊಡಲೇಬೇಕು, ಅಂದರೆ ಅವುಗಳ ಸದ್ದು ಚೂರು ತಡವಾಗಿ ಹೊರಡಬೇಕು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಅಂದರೆ ಮೀಟರಿಗೆ ಹತ್ತಿರಹತ್ತಿರ 3 ಮಿಲಿಸೆಕೆಂಡ್. ಮುಂದಿನ ಸ್ಪೀಕರಿನಿಂದ 17 ಮೀಟರ್ ಹಿಂದಿದ್ದರೆ 50 ಮಿಲಿಸೆಕೆಂಡ್. ಅದಕ್ಕೆ ಇನ್ನೊಂದು 10 ಸೇರಿಸು. ಆಗ ದನಿ ಪಕ್ಕದ ಡಬ್ಬದಿಂದಲ್ಲ, ವೇದಿಕೆಯಿಂದಲೇ ಬಂದಂತಿರುತ್ತೆ. ಖಾಲಿ ಹಾಲಿನಲ್ಲಿ ಕೆಟ್ಟದಾಗಿ ಕೇಳಿಸಿದರೆ ಗಾಬರಿಯಾಗಬೇಡ, ಜನ ತುಂಬಿದರೆ ಅವರ ಮೈ, ಬಟ್ಟೆಯೇ ಸಾಕಷ್ಟು ಪ್ರತಿಧ್ವನಿ ನುಂಗುತ್ತೆ.

ಹೊಗೆ ಮಷೀನ್ ಕೇಳಿದರೆ ಬೇಡ ಅನ್ನು. ಸ್ಮೋಕ್ ಅಲಾರಂ ಹೊಡೆದುಕೊಂಡರೆ ಊಟದ ಮಧ್ಯೆ ಎಲ್ಲರೂ ರಸ್ತೆಯಲ್ಲಿ.

ಸಮಯದ ಲೆಕ್ಕ ನೀನೇ ಹಾಕು, ಕಂಪನಿಯವರು ಯಾವಾಗಲೂ ಕಮ್ಮಿ ಹೇಳುತ್ತಾರೆ. ಇಲ್ಲಿ ಒಂದು ಪ್ರಶಸ್ತಿಗೆ 2 ನಿಮಿಷ ಸಾಕು. ನಮ್ಮಲ್ಲಿ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಸೇರಿ 3 ನಿಮಿಷ ಹಿಡಿ. 30 ಪ್ರಶಸ್ತಿ ಅಂದರೆ ಒಂದೂವರೆ ಗಂಟೆ, ಭಾಷಣ ಬೇರೆ. ಗೆದ್ದವರನ್ನು ದಾರಿ ಪಕ್ಕದ ಕುರ್ಚಿಯಲ್ಲೇ ಕೂರಿಸಲಿ. ಒಂದು ಕಡೆಯಿಂದ ಹತ್ತಿ, ಫೋಟೋ ತೆಗೆಸಿಕೊಂಡು, ಇನ್ನೊಂದು ಕಡೆ ಇಳಿಯಬೇಕು. ಒಂದೇ ಮೆಟ್ಟಿಲಾದರೆ ಇಳಿಯುವವರೂ ಹತ್ತುವವರೂ ಡಿಕ್ಕಿ.

ಬಂಗಲೆಯ ವೈರಿಂಗ್ ನಂಬಬೇಡ, ಜನರೇಟರ್ ತರಿಸು. ಸೌಂಡಿಗೆ ಬೇರೆಯೇ ಲೈನ್ ಎಳೆ, ಅಡುಗೆಯವರು ಅದಕ್ಕೆ ಕಾಫಿ ಬಾಯ್ಲರ್ ಸಿಕ್ಕಿಸದ ಹಾಗೆ ನೋಡಿಕೊ.

ಹಾಲಿನ ಉದ್ದಗಲ, ಸೂರಿನ ಎತ್ತರ, ಬಾಗಿಲ ಅಗಲ ಅಳೆದು ಫೋಟೋ ಜೊತೆ ಕಳಿಸು. ಸ್ಪೀಕರ್ ಜಾಗ ಗುರುತು ಮಾಡಿ ವಾಪಸ್ ಕಳಿಸುತ್ತೇನೆ.

ಇಂತಿ,
ಅಕ್ಕ