ಭಾನುವಾರದ ಆನ್ ಫ್ರಾಂಕ್ ಮನೆ ಭೇಟಿ: ಬರುವವರೆಲ್ಲ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಗೆ ಹೆಸರು ಕೊಟ್ಟ 14 ಜನರಿಗೆ ಈ ಸೂಚನೆ. ಟಿಕೆಟ್‌ನಲ್ಲಿರುವ ಸಮಯಕ್ಕೇ ಒಳಗೆ ಬಿಡುತ್ತಾರೆ, ನಮ್ಮ 'ಹತ್ತು ನಿಮಿಷ ಆಚೀಚೆ' ಅಲ್ಲಿ ನಡೆಯೋದಿಲ್ಲ. 10.10ಕ್ಕೆ ವೆಸ್ಟರ್‌ಕೆರ್ಕ್ ಚರ್ಚಿನ ಮುಂದೆ ಸೇರೋಣ. 13 ಅಥವಾ 17ನೇ ಟ್ರಾಮ್ ಹಿಡಿದು ವೆಸ್ಟರ್‌ಮಾರ್ಕ್ಟ್‌ನಲ್ಲಿ ಇಳಿಯಿರಿ.

ದೊಡ್ಡ ಬ್ಯಾಗ್, ಮಗುವಿನ ತಳ್ಳುಗಾಡಿ ಬೇಡ. ಒಳಗೆ ಫೋಟೊ ತೆಗೆಯುವಂತಿಲ್ಲ. ಮೆಟ್ಟಿಲುಗಳು ಏಣಿಯ ಹಾಗೆ ಕಡಿದಾಗಿವೆ, ಮಂಡಿನೋವು ಇರುವವರು ಮೊದಲೇ ಹೇಳಿ.

ಮಕ್ಕಳಿಗೆ ಸ್ವಲ್ಪ ಹೇಳಿ ಕರೆತನ್ನಿ. ಆನ್ ಯಹೂದಿ ಹುಡುಗಿ, ಅಡಗಿದ್ದಾಗ ಬರೆದ ಡೈರಿಯಿಂದ ಹೆಸರಾದವಳು. 1942ರ ಜುಲೈ 6ರಂದು ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರ ಜೊತೆ ಇಲ್ಲಿ ಅಡಗಲು ಬಂದಾಗ ಅವಳಿಗೆ 13 ವರ್ಷ. ಒಟ್ಟು 8 ಜನ, ಪುಸ್ತಕದ ಕಪಾಟಿನ ಹಿಂದೆ ಎರಡು ವರ್ಷಕ್ಕೂ ಜಾಸ್ತಿ. ಕೆಳಗೆ ಗೋದಾಮಿನವರು ಇರುವಷ್ಟು ಹೊತ್ತು ಹೆಜ್ಜೆ ಸದ್ದೂ ಆಗಬಾರದು. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಬದುಕಿ ಬಂದದ್ದು ಅಪ್ಪ ಒಟ್ಟೊ ಒಬ್ಬರೇ.

ಕೋಣೆಗಳು ಖಾಲಿ ಇವೆ, ಹಾಗೇ ಇರಲಿ ಅಂದವರೂ ಒಟ್ಟೊ ಅವರೇ. 'ಏನೂ ಇಲ್ವಲ್ಲ' ಅಂತ ಸುಮ್ನೆ ಮುಂದೆ ಹೋಗಬೇಡಿ. ಗೋಡೆಯ ಮೇಲೆ ಹೆಣ್ಣುಮಕ್ಕಳ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೆರೆಗಳಿವೆ. ನಮ್ಮ ಮನೆ ಬಾಗಿಲ ಹತ್ತಿರ ಹಾಕ್ತೀವಲ್ಲ, ಅಂಥವೇ. ಅಡಗಿದ್ದಾಗಲೇ ಆನ್ 13 ಸೆಂ.ಮೀ. ಬೆಳೆದಿದ್ದಳು. ಹೋದ ಸಲ ನಾನು ಅಲ್ಲೇ ನಿಂತುಬಿಟ್ಟೆ, ಹಿಂದಿನವರು 'ಸ್ವಲ್ಪ ಮುಂದೆ ಹೋಗಿ' ಅನ್ನಬೇಕಾಯ್ತು.

ಟಿಕೆಟ್ ಸಿಗೋದೇ ಕಷ್ಟ. ಬರೋಕೆ ಆಗದವರು ಗುರುವಾರ ರಾತ್ರಿಯೊಳಗೆ ತಿಳಿಸಿ. ಬರುವವರು 'ಬರ್ತೀವಿ' ಅಂತ ಹಾಕಿ, ಜೊತೆಗೆ ಮಕ್ಕಳ ವಯಸ್ಸು ಬರೆಯಿರಿ.